ಅಪ್ಪನ ಕೋವಿ, ನನ್ನ ಏರ್‌ಸಾಫ್ಟ್

ಟೋಕಿಯೋದ ನನ್ನ ಪುಟ್ಟ ಮನೆಯಲ್ಲಿ ನಾಲ್ಕು ಬಂದೂಕುಗಳಿವೆ ಅಂದ್ರೆ ಹೌಹಾರಬೇಡಿ. ಎಲ್ಲವೂ ಏರ್‌ಸಾಫ್ಟ್. ನೋಡೋಕೆ ಥೇಟ್ ಅಸಲಿ, ಹಾರಿಸೋದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು. ಜಪಾನಿನಲ್ಲಿ ಜನಸಾಮಾನ್ಯರು ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಈ ಹವ್ಯಾಸ ಹುಟ್ಟಿದ್ದೂ ಇಲ್ಲೇ. 1991ರಲ್ಲಿ ಟೋಕಿಯೋ ಮಾರುಯಿ ಕಂಪನಿ ಬ್ಯಾಟರಿ, ಮೋಟಾರಿನಿಂದ ನಡೆಯುವ ಫಾಮಾಸ್ ತಂದ ಮೇಲೆ ಇನ್ನೂ ಜೋರಾಯಿತು.

ವಾರವಿಡೀ ಕೋಡ್ ಬರೆದವನಿಗೆ ಶನಿವಾರ ಗೇರ್‌ಬಾಕ್ಸ್ ಬಿಚ್ಚಿ, ಗ್ರೀಸ್ ಹಚ್ಚೋದೇ ವಿಶ್ರಾಂತಿ. ಹಾಪ್-ಅಪ್ ರಬ್ಬರ್ ಸರಿಯಾಗಿ ಕೂತರೆ ಗುಂಡು ಹಿಮ್ಮುಖವಾಗಿ ತಿರುಗುತ್ತಾ ದೂರ ಹೋಗುತ್ತೆ. ಆದ್ರೆ ಗಟ್ಟಿ ಸ್ಪ್ರಿಂಗ್ ಹಾಕೋಕೆ ಮಿತಿ ಇದೆ. ಶಕ್ತಿ ಸುಮಾರು 0.98 ಜೂಲ್ ದಾಟಿದರೆ ಇಲ್ಲಿ ಅಪರಾಧ.

ನಮ್ಮದು ಕೊಡಗು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸ್ತೇವೆ. ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸ್ತೇವೆ. ಹಾಗಾಗಿ ಅಪ್ಪನಿಗೆ ನನ್ನ ಹುಚ್ಚು ಹಿಡಿಸಲ್ಲ. "ಕೋವಿ ಆಟದ ಸಾಮಾನಲ್ಲ" ಅಂತಾರೆ. ಅವರಿಗೀಗ ಅರವತ್ತೆಂಟು. ಮುಂದೆ ಮನೆಯ ಕೋವಿ ಯಾರ ಕೈಗೆ ಅಂತ ಅವರು ಕೇಳಲ್ಲ, ನಾನೂ ಮಾತು ಎತ್ತಲ್ಲ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಾನು ನಳಿಕೆ ಒರೆಸೋದನ್ನ ನೋಡಿ, "ಖಾಲಿ ಇದೆಯಾ ನೋಡ್ಕೊಂಡ್ಯಾ?" ಅಂದ್ರು. ಮ್ಯಾಗಜಿನ್ ತೆಗೆದು ತೋರಿಸಿದೆ.

"ಹಾಂ, ಈಗ ಒರೆಸು."