ಎರಡರ ಅರವತ್ತೇಳನೇ ಘಾತ, ಅದಕ್ಕೆ ಒಂದು ಕಡಿಮೆ

147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಎರಡನ್ನು ಅರವತ್ತೇಳು ಸಲ ಗುಣಿಸಿ ಒಂದು ಕಳೆದರೆ ಸಿಗುವುದು ಇದೇ. ದ್ವಿಮಾನದಲ್ಲಿ ಬರೆದರೆ ಸಾಲಾಗಿ ಅರವತ್ತೇಳು ಒಂದುಗಳು, ಬೇರೇನೂ ಇಲ್ಲ.

ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ. 1876ರಲ್ಲಿ ಗಣಿತಜ್ಞ ಲುಕಾಸ್ ಅದು ಅವಿಭಾಜ್ಯವಲ್ಲ ಎಂದು ಸಾಧಿಸಿದ, ಆದರೆ ಅಪವರ್ತನಗಳು ಮಾತ್ರ ಸಿಗಲಿಲ್ಲ! ಒಂದು ಸಂಖ್ಯೆ ಒಡೆಯುತ್ತದೆ ಎಂದು ಖಚಿತವಾಗಿ ತಿಳಿಯಬಹುದು, ಎಲ್ಲಿ ಒಡೆಯುತ್ತದೆ ಎಂದು ತಿಳಿಯದೆಯೇ. ಗಣಿತದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವ ಮಾತು ಇದು.

1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ತಂದರು: 193707721 × 761838257287. ಗಣಿತಜ್ಞರ ಸಭೆಯಲ್ಲಿ ಒಂದು ಮಾತೂ ಆಡದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತರಂತೆ. ಕಂಡುಹಿಡಿಯಲು ಮೂರು ವರ್ಷಗಳ ಭಾನುವಾರಗಳು ಹಿಡಿದವಂತೆ. ಈ ಎರಡು ಅಪವರ್ತನಗಳೂ ಅವಿಭಾಜ್ಯಗಳೇ. ಯಾವುದನ್ನೇ 67ರ ಇಮ್ಮಡಿಯಾದ 134ರಿಂದ ಭಾಗಿಸಿ, ಶೇಷ 1 ಬರುತ್ತದೆ. ಅದು ಕಾಕತಾಳೀಯವಲ್ಲ: ಘಾತ 67 ಅವಿಭಾಜ್ಯವಾದ್ದರಿಂದ ಪ್ರತಿ ಅಪವರ್ತನವೂ ಹಾಗೆಯೇ ಇರಬೇಕು. ಹುಡುಕುವವರಿಗೆ ಇದೊಂದು ದೊಡ್ಡ ಆಸರೆ. ಆದರೂ ಆ ನಿಯಮ ಹಿಡಿದು ಒಂದೊಂದೇ ಪರೀಕ್ಷಿಸುತ್ತ ಹೋದರೆ, ಚಿಕ್ಕ ಅಪವರ್ತನ ಎದುರಾಗುವುದು 1445580ನೇ ಸ್ಥಾನದಲ್ಲಿ.

ಇಂದು ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಆದರೂ ಮೇಷ್ಟ್ರುಗಳೇ, ಒಂದು ದಿನ ಆ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಮಕ್ಕಳ ಕೈಯಲ್ಲೇ ಗುಣಾಕಾರ ಮಾಡಿಸಿ ನೋಡಿ.