ಕಡಲಿಲ್ಲದ ನಾಡಿನ ಸಂಜೆಗಳು

ಸೂರ್ಯಾಸ್ತದ ಚಿತ್ರ ಎಂದೊಡನೆ ಪಣಂಬೂರು, ಮಲ್ಪೆಗಳ ಕಡಲ ತೀರ ನೆನಪಾಗುತ್ತದೆ. ಆದರೆ ಒಮ್ಮೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಬಂದು ನೋಡಿ. ಇಲ್ಲಿ ಸಮುದ್ರವಿಲ್ಲ. ಕಣ್ಣು ಹಾಯುವವರೆಗೂ ಕಪ್ಪು ಮಣ್ಣಿನ ಹೊಲ. ಬಯಲಿನಲ್ಲಿ ನಿಂತರೆ ಸೂರ್ಯ ನೆಲದಂಚಿನವರೆಗೂ ಇಳಿಯುವುದು ಕಾಣುತ್ತದೆ.

ಮೊಬೈಲ್ ಕೈಗೆ ಬಂದ ಮೇಲೆ ಮಾಳಿಗೆಯ ಒಂದೇ ಮೂಲೆಯಿಂದ ವರ್ಷವಿಡೀ ಚಿತ್ರ ತೆಗೆಯುವುದು ನನ್ನ ರೂಢಿ. ಜೂನ್‌ನಲ್ಲಿ ಸೂರ್ಯ ಪಶ್ಚಿಮದಿಂದ ಬಲಕ್ಕೆ ಸರಿದು ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ಎಡಕ್ಕೆ. ಎರಡರ ನಡುವೆ ಸುಮಾರು 50 ಡಿಗ್ರಿ ಅಂತರ! ಜೂನ್ ಕೊನೆಗೆ ಏಳರ ಹೊತ್ತಿಗಾಗುವ ಮಗ್ರಿಬ್, ನವೆಂಬರ್ ಕೊನೆಗೆ ಐದೂ ಮುಕ್ಕಾಲರ ಸುಮಾರಿಗೇ ಆಗಿಬಿಡುತ್ತದೆ. ಇಫ್ತಾರ್‌ಗೆ ಅಡುಗೆ ಮಾಡಿದ ಸೋದರಿಯರಿಗೆ ಈ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ.

ತೊಡಕು ಒಂದೇ. ಆಕಾಶಕ್ಕೆ ನಿಜವಾದ ಬಣ್ಣ ಏರುವುದು ಸೂರ್ಯ ಮುಳುಗಿದ ಮೇಲೆ. ಆಗ ನಮಾಝಿಗೆ ಕೆಳಗಿಳಿಯಬೇಕು. ಮುಗಿಸಿ ಮತ್ತೆ ಹತ್ತಿದರೆ ಅಂಚಿನಲ್ಲಿ ಕೆಂಪು ಇನ್ನೂ ಉಳಿದಿರುತ್ತದೆ. ಆ ಕೆಂಪು, ಅಂದರೆ ಶಫಕ್, ಅಳಿಯುವವರೆಗೂ ಮಗ್ರಿಬ್‌ನ ಸಮಯವಿದೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯವಲ್ಲವೇ?

ಮೇ ತಿಂಗಳ ಬಿಸಿಲಿಗೆ ಧೂಳು ತುಂಬಿ, ಸೂರ್ಯ ನೆಲ ಮುಟ್ಟುವ ಮೊದಲೇ ಮಾಸಿದ ತಾಮ್ರದ ತಟ್ಟೆಯಂತೆ ಮಸುಕಾಗುತ್ತಾನೆ. ಮಳೆ ಬಿದ್ದು ಗಾಳಿ ತೊಳೆದಂತಾದ ಮೇಲೆ ಬಣ್ಣಗಳು ನಿಚ್ಚಳ. ಸಂಜೆಯ ಬೆಳಕು ಗಾಳಿಯಲ್ಲಿ ಹೆಚ್ಚು ದೂರ ಸಾಗಿ ಬರಬೇಕು. ದಾರಿಯಲ್ಲಿ ನೀಲಿ ಚದುರಿ ಕೆಂಪು, ಕಿತ್ತಳೆ ಉಳಿಯುತ್ತವೆ. ಅದು ಮೋಡದ ಹೊಟ್ಟೆಗೆ ತಾಗಿದಾಗ ನೋಡಬೇಕು! ತೊಗರಿ ಹಳದಿ ಹೂ ಬಿಡುವ ಅಕ್ಟೋಬರ್, ನವೆಂಬರ್ ನನಗೆ ಎಲ್ಲಕ್ಕಿಂತ ಇಷ್ಟ.

ಆದರೆ 2020ರ ಅಕ್ಟೋಬರ್ ಬೇರೆಯೇ ಆಗಿತ್ತು. ಮಹಾರಾಷ್ಟ್ರದಲ್ಲಿ ಭಾರೀ ಮಳೆ ಸುರಿದು, ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟು, ಅಫಜಲಪುರ, ಜೇವರ್ಗಿಗಳಲ್ಲಿ ಭೀಮೆ ದಡ ಮೀರಿ ಹರಿದಳು. ಆ ವಾರದ ನನ್ನ ಚಿತ್ರ ನೋಡಿದವರು ಯಾವ ಬೀಚ್ ಎಂದು ಕೇಳಿದ್ದುಂಟು. ಹೊನ್ನಿನಂತೆ ಹೊಳೆಯುವ ಆ ನೀರಿನಡಿ ತೊಗರಿಯಿತ್ತು, ಕಬ್ಬಿತ್ತು. ಹೊಳೆದಂಡೆಯ ಊರಿನ ಅಜ್ಜಿಯೊಬ್ಬರಿಗೆ ತೋರಿಸಿದೆ. ಅವರು ಆಕಾಶ ನೋಡಲೇ ಇಲ್ಲ. ನೀರಿನಲ್ಲಿ ತುದಿಯಷ್ಟೇ ಕಾಣುತ್ತಿದ್ದ ಬೇವಿನ ಮೇಲೆ ಬೆರಳಿಟ್ಟು, "ಈ ಗಿಡದ ಬುಡಕ್ಕ ನಮ್ಮ ಹೊಲ ಅದ ನೋಡವ್ವಾ" ಎಂದರು.

ಅಂದಿನಿಂದ ಪ್ರತಿ ಚಿತ್ರದ ಜೊತೆ ತಾರೀಖು, ಊರು, ಹೊಲದಲ್ಲಿ ಏನಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಅದೇ ಭೀಮೆ ಒಣಗಿ ಉಸುಕು ಕಂಡಿತು. ಆ ಸಂಜೆಯ ಚಿತ್ರವೂ ಚೆನ್ನಾಗಿಯೇ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಮಾತ್ರ ಮನಸ್ಸಾಗಿಲ್ಲ.

ನೀವು ಬಂದರೆ ಆಳಂದದಲ್ಲಿ 14ನೇ ಶತಮಾನದ ಸೂಫಿ ಲಾಡ್ಲೆ ಮಶಾಕರ ದರ್ಗಾದ ಗುಮ್ಮಟವನ್ನು ಸಂಜೆಗೆಂಪಿನಲ್ಲಿ ನೋಡಿ. ಕೊರಳ್ಳಿಯ ಬಳಿ ಅಮರ್ಜಾ ಅಣೆಕಟ್ಟೆಯಿದೆ. ಮೊಬೈಲ್ ಪರದೆಯಲ್ಲಿ ಆಕಾಶದ ಹೊಳೆಯುವ ಭಾಗವನ್ನು ಬೆರಳಿನಿಂದ ಮುಟ್ಟಿದರೆ ಬಣ್ಣ ತೇಲಿಹೋಗದೆ ನಿಲ್ಲುತ್ತದೆ. ಹೊಲದಲ್ಲಿರುವವರ ಚಿತ್ರ ತೆಗೆಯುವ ಮುನ್ನ ಕೇಳಿ. ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆಯಿಂದ ಭೀಮೆ ಚೆಂದ ಕಾಣುತ್ತಾಳೆ. ಆದರೆ ಅಲ್ಲಿ ವಾಹನಗಳ ಓಡಾಟ ಜಾಸ್ತಿ, ಮಕ್ಕಳ ಕೈ ಬಿಡಬೇಡಿ.