ಮೊಸರಲ್ಲಿ ಕಲ್ಲು, ಬಾಹ್ಯಾಕಾಶದಲ್ಲಿ ಸದ್ದು

ಹೋದ ತಿಂಗಳು ಒಂದು ಶನಿವಾರ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಸ್ಟಾರ್ ವಾರ್ಸ್’ ಹಾಕಿದೆ. 1977ರದ್ದು, ಮೊಟ್ಟಮೊದಲು ಬಂದದ್ದು. ಅವಳಿಗೀಗ ಎಂಟು ವರ್ಷ. ಅವಳು ಹುಟ್ಟಿದಾಗಿನಿಂದ ಈ ದಿನಕ್ಕೆ ಕಾಯ್ತಿದ್ದೆ ಅಂದ್ರೆ ಹೆಂಡತಿ ನಗ್ತಾಳೆ. ಆದರೆ ಅದು ನಿಜ.

ಆರಂಭದಲ್ಲೇ ಆ ದೊಡ್ಡ ಹಡಗು ತಲೆ ಮೇಲಿಂದ ಹಾದು ಹೋಗುತ್ತಲ್ಲ, ಮುಗಿಯೋದೇ ಇಲ್ವೇನೋ ಅನ್ನೋ ಹಾಗೆ. ಮಗಳು ಬಾಯಿ ತೆರೆದುಕೊಂಡು ನೋಡ್ತಿದ್ದಳು. ನಾನು ಸುಮ್ಮನಿರಬೇಕಿತ್ತು. “ಪುಟ್ಟಿ, ನಿಜವಾಗಿ ಅಲ್ಲಿ ಸದ್ದೇ ಕೇಳಲ್ಲ ಗೊತ್ತಾ? ಗಾಳಿ ಇಲ್ವಲ್ಲ” ಅಂದೆ. “ಹ್ಞೂಂ” ಅಂದಳು. ಟ್ಯಾಟೂಯಿನ್‌ನ ಮರಳುಗಾಡು ಬಂತು. “ಇಲ್ಲಿ ಎರಡು ಸೂರ್ಯ ಇದಾವೆ. ಹಾಗಿದ್ರೆ ನೆರಳೂ ಎರಡೆರಡು ಬೀಳಬೇಕಲ್ವಾ?” ಈ ಸಲ “ಹ್ಞೂಂ” ಕೂಡ ಬರಲಿಲ್ಲ. ಆಮೇಲೆ ಹ್ಯಾನ್ ಸೋಲೋ ಬಂದು, ತನ್ನ ಹಡಗು ಕೆಸೆಲ್ ರನ್ ಅನ್ನು 12 ಪಾರ್ಸೆಕ್‌ಗಿಂತ ಕಮ್ಮಿಯಲ್ಲಿ ಮುಗಿಸಿದೆ ಅಂತ ಕೊಚ್ಚಿಕೊಂಡ. ನಾನು ರಿಮೋಟ್ ತಗೊಂಡು ಸಿನಿಮಾವನ್ನೇ ನಿಲ್ಲಿಸಿದೆ.

ಪಾರ್ಸೆಕ್ ಅನ್ನೋದು ಕಾಲದ ಅಳತೆ ಅಲ್ಲ, ದೂರದ್ದು. ಒಂದು ಪಾರ್ಸೆಕ್ ಅಂದ್ರೆ ಸುಮಾರು 3.26 ಜ್ಯೋತಿರ್ವರ್ಷ, ಹತ್ತಿರ ಹತ್ತಿರ 31 ಲಕ್ಷ ಕೋಟಿ ಕಿಲೋಮೀಟರ್. ಹಡಗಿನ ವೇಗ ಹೇಳೋಕೆ ಪಾರ್ಸೆಕ್ ಬಳಸೋದು ಅಂದ್ರೆ, ‘ನನ್ನ ಬೈಕ್ ಎಷ್ಟು ಜೋರು ಅಂದ್ರೆ ಶಿರಸಿಗೆ ನಲವತ್ತೇ ಕಿಲೋಮೀಟರಲ್ಲಿ ಹೋಗಿಬಿಟ್ಟೆ’ ಅಂದ ಹಾಗೆ. ಇದನ್ನೆಲ್ಲ ಕೈಸನ್ನೆ ಸಮೇತ ವಿವರಿಸಿದೆ.

ಮಗಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, “ಅಪ್ಪಾ, ಇದು ನಿಂಗೆ ಇಷ್ಟದ ಸಿನಿಮಾ ಅಂದೆ ಅಲ್ವಾ?”

“ಹೌದು.”

“ಮತ್ತೆ ಯಾಕೆ ಬರೀ ಬೈತಿದ್ದೀಯ?”

ಎದ್ದು ಒಳಗೆ ಹೋಗಿ ಡ್ರಾಯಿಂಗ್ ಬುಕ್ ತೆಗೆದುಕೊಂಡು ಕೂತಳು. ಟಿವಿಯಲ್ಲಿ ಹ್ಯಾನ್ ಸೋಲೋ ಅರ್ಧ ಮಾತಿಗೆ ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದ. “ಕೋಡ್ ರಿವ್ಯೂ ಎಲ್ಲ ಆಫೀಸಲ್ಲೇ ಮುಗಿಸ್ಕೊಂಡು ಬಾ ಮಾರಾಯ” ಅಂತ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ನನಗೆ ಬೇಜಾರಾಗಿದ್ದು ಯಾಕೆ ಅಂದ್ರೆ, ನಾನು ಬೈತಿರಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಪ್ರೀತಿ ಅಂದ್ರೆ ಇದೇ ಆಗಿತ್ತು. ಬಿಇ ಎರಡನೇ ವರ್ಷದವರೆಗೂ ನಾನು ಈ ಸಿನಿಮಾದ ಹೆಸರು ಕೇಳಿರಲಿಲ್ಲ. ರೂಮ್‌ಮೇಟ್ ತೋರಿಸಿದ. ಮೊದಲ ಸಲ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದ್ವಿ. ಆಮೇಲಿನ ಹತ್ತು ಸಲ ತಪ್ಪು ಹುಡುಕೋಕೆ ಅಂತಲೇ ನೋಡಿದ್ವಿ. ಡೆತ್ ಸ್ಟಾರ್ ಅಂದ್ರೆ ಚಂದ್ರನಷ್ಟು ದೊಡ್ಡದು ಅಂತ ಕಾಣೋ ಯಂತ್ರ. ಅದನ್ನು ಎರಡು ಮೀಟರ್ ಅಗಲದ ಒಂದು ತೂತಿನಿಂದ ಉಡಾಯಿಸಬಹುದು ಅನ್ನೋದಾದ್ರೆ ಅದರ ಡಿಸೈನ್‌ಗೆ ಸಹಿ ಹಾಕಿದ ಪುಣ್ಯಾತ್ಮ ಯಾರು? ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೂ ಇದರ ಮೇಲೆ ಜಗಳ ಆಡಿದ್ದೀವಿ.

ತಮಾಷೆ ಅಂದ್ರೆ, ಆ ಪ್ರಶ್ನೆ ಪ್ರಪಂಚದ ತುಂಬ ಅಭಿಮಾನಿಗಳನ್ನು ಕಾಡ್ತಿತ್ತು. 2016ರಲ್ಲಿ ‘ರೋಗ್ ವನ್’ ಬಂದು ಅದಕ್ಕೆ ಉತ್ತರ ಕೊಟ್ಟಿತು: ಆ ದೋಷ ಅಚಾತುರ್ಯ ಅಲ್ಲ, ಬಲವಂತವಾಗಿ ಕೆಲಸಕ್ಕೆ ಹಚ್ಚಿದ್ದ ಎಂಜಿನಿಯರ್ ಒಬ್ಬ ಬೇಕಂತಲೇ ಬಿಟ್ಟ ಬಗ್. ಅವತ್ತು ಥಿಯೇಟರಿಂದ ಹೊರಗೆ ಬಂದವನೇ ರೂಮ್‌ಮೇಟ್‌ಗೆ ಫೋನ್ ಮಾಡಿದ್ದೆ. ಮೊಸರಲ್ಲಿ ಕಲ್ಲು ಹುಡುಕಿದವರ ಕಲ್ಲಿನಿಂದಲೇ ಒಂದು ಮನೆ ಎದ್ದಿತ್ತು.

ಎಲ್ಲ ಸಲ ಹಾಗಾಗಲ್ಲ. ಪಾರ್ಸೆಕ್‌ಗೂ 2018ರ ‘ಸೋಲೋ’ದಲ್ಲಿ ಸಮಜಾಯಿಷಿ ಕೊಟ್ಟರು. ಅಪಾಯದ ಅಡ್ಡದಾರಿ ಹಿಡಿದು ದೂರವನ್ನೇ ಕಮ್ಮಿ ಮಾಡಿದನಂತೆ. ಲೆಕ್ಕ ಸರಿಹೋಯ್ತು. ಆದರೆ ಅವನು ಒಬ್ಬ ಮುದುಕನ ಮುಂದೆ ಬಡಾಯಿ ಕೊಚ್ಚಿ ಸಿಕ್ಕಿಬಿದ್ದ ಅಂತ ನಾನು ನಂಬಿಕೊಂಡಿದ್ದೇ ಚೆನ್ನಾಗಿತ್ತು. ಇನ್ನು ಸದ್ದಿನ ವಿಷಯ. ಬೆನ್ ಬರ್ಟ್ ಅನ್ನೋ ಸೌಂಡ್ ಡಿಸೈನರ್ ಆನೆಯ ಘೀಳಿಗೆ, ಒದ್ದೆ ರಸ್ತೆ ಮೇಲೆ ಕಾರು ಹೋಗೋ ಸದ್ದು ಬೆರೆಸಿ ಟೈ ಫೈಟರ್‌ನ ಕಿರುಚಾಟ ಮಾಡಿದ್ದು. ಭೌತಶಾಸ್ತ್ರಕ್ಕೆ ಮರ್ಯಾದೆ ಕೊಟ್ಟು ಅದನ್ನು ತೆಗೆದುಹಾಕಿದರೆ ಉಳಿಯೋದೇನು?

ಅವತ್ತು ರಾತ್ರಿ ನಿದ್ದೆ ಬರದೆ ಹೊರಳಾಡ್ತಿದ್ದಾಗ ಅಜ್ಜ ನೆನಪಾದರು. ನಮ್ಮೂರಲ್ಲಿ ಮಳೆಗಾಲ ಅಂದ್ರೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳ ಮಾತು, ಅಷ್ಟೇ. ಒಂದು ಸಲ ‘ವಾಲಿವಧೆ’. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದ್ಯಾವ ಧರ್ಮ ಅಂತ ವಾಲಿ ಕೇಳ್ತಾನೆ. ರಾಮ ಉತ್ತರ ಕೊಡ್ತಾನೆ. ಈ ಕಥೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬಂದಿದ್ದು ಆ ಪ್ರಶ್ನೆ ಕೇಳೋಕೆ, ಇವತ್ತಿನ ರಾಮ ಹೇಗೆ ತಪ್ಪಿಸಿಕೊಳ್ತಾನೆ ಅಂತ ನೋಡೋಕೆ.

ಹತ್ತು ವರ್ಷದವನಾಗಿದ್ದ ನಾನು ಮಧ್ಯದಲ್ಲೇ ಅಜ್ಜನ ಕಿವಿಗೆ ಬಾಗಿ, “ರಾಮ ಹೇಳಿದ್ದು ತಪ್ಪಲ್ವಾ ಅಜ್ಜ?” ಅಂದೆ. ಅವರು ನನ್ನ ಮೊಣಕಾಲು ಒತ್ತಿ ಹಿಡಿದು ಪಿಸುಗುಟ್ಟಿದರು: “ಈಗ ಬರೀ ಕೇಳು ಮಾಣಿ. ಕೇಳೋದನ್ನ ನಾಳೆ ಕೇಳು.”

ಮಾರನೇ ದಿನ ತೋಟದಲ್ಲಿ ಅವರನ್ನು ಹಿಡಿಯೋರೇ ಇರಲಿಲ್ಲ. ರಾಮ ಎಲ್ಲಿ ಜಾರಿಕೊಂಡ, ವಾಲಿ ಯಾವ ಒಳ್ಳೇ ಮಾತು ಬಿಟ್ಟುಬಿಟ್ಟ ಅಂತ ಒಂದೊಂದೇ ಎಳೆ ಬಿಡಿಸಿದರು. ಮುಂದಿನ ತಾಳಮದ್ದಳೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂತವರೂ ಅವರೇ.

ನನ್ನ ತಪ್ಪು ಎಲ್ಲಿತ್ತು ಅಂತ ಆಗ ಗೊತ್ತಾಯ್ತು. ರೂಮ್‌ಮೇಟೂ ನಾನೂ ಒಟ್ಟಿಗೇ ಹತ್ತು ಸಲ ನೋಡಿದವರು. ಕಲ್ಲು ಹುಡುಕೋ ಮೊದಲು ಇಬ್ಬರೂ ಹೊಟ್ಟೆ ತುಂಬ ಮೊಸರನ್ನ ಉಂಡಿದ್ವಿ. ಮಗಳ ತಟ್ಟೆಗೆ ಮೊಸರು ಬೀಳೋ ಮೊದಲೇ ನಾನು ಕಲ್ಲು ಎತ್ತಿ ತೋರಿಸ್ತಿದ್ದೆ. ಇನ್ನೂ ನಿಜ ಹೇಳಬೇಕಂದ್ರೆ, ಅವಳು ಸಿನಿಮಾ ನೋಡಿ ಬಾಯಿ ತೆರೆದಿದ್ದಳಲ್ಲ, ಅದರಲ್ಲಿ ಸ್ವಲ್ಪ ನನ್ನ ಕಡೆಗೂ ತಿರುಗಲಿ ಅನ್ನೋ ಆಸೆ ಇತ್ತು.

ಮುಂದಿನ ಶನಿವಾರ ‘ಒಂದು ಮಾತೂ ಆಡಲ್ಲ’ ಅಂತ ಆಣೆ ಮಾಡಿ ಅವಳನ್ನು ಮತ್ತೆ ಕರೆದೆ. ಅನುಮಾನದಿಂದಲೇ ಬಂದಳು. ಮೊದಲಿಂದ ಹಾಕಿದೆ. ಪಾರ್ಸೆಕ್ ಬಂದಾಗ ಅವಳೇ ನನ್ನ ಮುಖ ನೋಡಿದಳು. ನಾನು ಕಡ್ಲೆಕಾಯಿ ಬಿಡಿಸ್ತಾ ಇದ್ದೆ. ಕೊನೆಗೆ ಲೂಕ್ ಗುರಿ ಇಡೋ ಹೊತ್ತಿಗೆ ಅವಳ ಉಗುರು ನನ್ನ ತೋಳಿಗೆ ನಾಟಿತ್ತು.

ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಾ, ಬಾಯಲ್ಲಿ ನೊರೆ ಇಟ್ಟುಕೊಂಡೇ ನನ್ನ ಹತ್ತಿರ ಬಂದಳು.

“ಅಪ್ಪಾ, ಊರಲ್ಲಿ ಅಜ್ಜಿ ಇಲಿ ಬರಬಾರದು ಅಂತ ಬಚ್ಚಲು ತೂತಿಗೆ ಜಾಲರಿ ಹಾಕ್ಸಿದಾರಲ್ವಾ? ಅಷ್ಟು ದೊಡ್ಡ ಡೆತ್ ಸ್ಟಾರ್ ಕಟ್ಟಿದೋರು ಒಂದು ಜಾಲರಿ ಹಾಕ್ಸಬಾರದಿತ್ತಾ?”

ಆ ತೂತಿಗೆ ರೇ ಶೀಲ್ಡ್ ಇತ್ತು, ಅದಕ್ಕೇ ಪ್ರೋಟಾನ್ ಟಾರ್ಪೀಡೊ ಬೇಕಾಯ್ತು ಅಂತ ನಾಲಿಗೆ ತುದಿವರೆಗೂ ಬಂತು. ನುಂಗಿಕೊಂಡೆ.

“ಹೌದಲ್ಲ ಪುಟ್ಟಿ! ಯಾಕೆ ಹಾಕ್ಸಲಿಲ್ಲ?” ಅಂದೆ.

“ಬಾ, ಇನ್ನೊಂದು ಸಲ ನೋಡೋಣ” ಅಂದಳು.